ಬರುವ ಗುರುವಾರ ಖಂಡಿತ

ತ್ಬಿಲಿಸಿಯ ಸೊಲೊಲಾಕಿ ಏರಿನಲ್ಲಿ
ಮರದ ಮೊಗಸಾಲೆಯ ಮನೆ. ಮೂರು ಕೋಣೆ,
ಅಂಗಳದ ಮೇಲೆ ದ್ರಾಕ್ಷಿ ಚಪ್ಪರ,
ಒಂದು ಕಡೆಗೆ ಜಗ್ಗಿದ ಮೆಟ್ಟಿಲು.
‘ಮಾರಾಟಕ್ಕಿದೆ’ ಎಂಬ ಕಾಗದ ಗೇಟಿನ ಮೇಲಿತ್ತು,
ಫೋನ್ ನಂಬರಿನ ಕೊನೆಯೆರಡು ಅಂಕಿ ಹರಿದಿತ್ತು.
ಗಾಳಿ ಹರಿಯಿತೋ, ಅಂಟಿಸಿದ ಕೈಯೇ ಹರಿಯಿತೋ,
ನನಗೆ ಆಗಲೇ ಹೊಳೆಯಬೇಕಿತ್ತು.

‘ಮನೆ ನೋಡಲು ಬಂದೆವು’ ಎಂದರೆ
‘ಮೊದಲು ಕೂತುಕೊಳ್ಳಿ, ಬಿಸಿಯಿದೆ’ ಎಂದಳು ತ್ಸಿಯಾಲಾ.
ಚೀಸು ಉಕ್ಕುವ ರೊಟ್ಟಿ, ಅಕ್ರೋಟು ಅರೆದು ತುಂಬಿದ ಬದನೆ.
ಜೌರ್ ಹೂಜಿ ಬಗ್ಗಿಸಿ ವೈನು ಸುರಿದು ಎದ್ದುನಿಂತ:
ಮೊದಲ ಲೋಟ ದೇವರಿಗೆ, ಎರಡನೆಯದು ಸತ್ತವರಿಗೆ,
ಮೂರನೆಯದು ನಮ್ಮ ಹುಟ್ಟಲಿರುವ ಮಕ್ಕಳಿಗೆ,
ನಾಲ್ಕನೆಯದು ಎದುರುಮನೆಯ ನಾಯಿಗೆ.
ಬೆಲೆಯ ಹೆಸರಿನಲ್ಲಿ ಮಾತ್ರ
ಯಾರೂ ಲೋಟ ಎತ್ತಲಿಲ್ಲ.

ಬತುಮಿಯಲ್ಲಿ ಬೇಕರಿ ಹಾಕುವ ಕನಸು ಅವರದು.
ಟೀವಿಯಲ್ಲಿ ಸಮುದ್ರ ಕಂಡ ಸಂಜೆ
ತಾವಾಗಿಯೇ ಎರಡು ಸಾವಿರ ಇಳಿಸುತ್ತಿದ್ದರು,
ಮರುದಿನ ಮೊಗಸಾಲೆಗೆ ಬಿಸಿಲು ಬಿದ್ದರೆ
ಐದು ಸಾವಿರ ಏರಿಸುತ್ತಿದ್ದರು.
ಎತ್ತು ಏರಿಗೆ, ಕೋಣ ನೀರಿಗೆ:
ಅವನು ‘ಕೊಟ್ಟೆ’ ಎಂದ ದಿನ ಅವಳು ‘ನೋಡೋಣ’,
ಅವಳು ‘ಕೊಟ್ಟೆ’ ಎಂದ ದಿನ ಅವನು.
ಒಮ್ಮೆ ಇಬ್ಬರೂ ಒಟ್ಟಿಗೇ ‘ಕೊಟ್ಟೆವು’ ಎಂದುಬಿಟ್ಟು
ನೊಗ ಮುರಿದವರಂತೆ ಒಬ್ಬರನ್ನೊಬ್ಬರು ನೋಡಿ ಗಾಬರಿಬಿದ್ದರು.

ಆಮೇಲೆ ಕಳೆಯುವ ಲೆಕ್ಕ ಶುರುವಾಯಿತು.
ಮನೆ ನಿಮ್ಮದು, ಚಪ್ಪರ ನಮ್ಮದು;
ಕೊಯ್ಲಿನ ವಾರ ಬಂದು ಹೋಗುತ್ತೇವೆ.
ಮೆಟ್ಟಿಲ ಕೆಳಗಿನ ಗೂಡು ಬಿಟ್ಟು,
ಅಲ್ಲಿ ಬಾವನ ಮೋಟಾರು ಸೈಕಲ್ಲಿದೆ.
ಅಡುಗೆಮನೆಯ ಕಿಟಕಿ ಬಿಟ್ಟು. ಕಿಟಕಿಯೇ?
ಹೌದು, ಬಿಚ್ಚಿಕೊಂಡು ಹೋಗುತ್ತೇವೆ.
ಎಮ್ಜಾರ್, ನನ್ನ ಗಂಡ, ಟೈಲ್ಸು ಕೂರಿಸುವವನು,
ಬಸ್ಸಿನಲ್ಲಿ ಬೆರಳು ಮಡಚಿ ಎಣಿಸಿದ:
‘ಇನ್ನು ಎರಡು ಸಲ ಹೋದರೆ
ನಮಗೆ ಉಳಿಯುವುದು ಆ ಜಗ್ಗಿದ ಮೆಟ್ಟಿಲು.’
ಅವನ ಬೆಲ್ಟಿಗೆ ಹೊಸ ತೂತು ಬಿದ್ದಿತ್ತು,
ಹೊರಗಿನ ಅಂಚಿಗೆ.

ಎಂಟನೆಯ ತಿಂಗಳು, ಹೊಳೆದಂಡೆಯ ನೋಂದಣಿ ಕಚೇರಿ.
ಟೋಕನ್ನಿನ ಸಂಖ್ಯೆ ಬಂತು. ಗುಮಾಸ್ತೆ ಕಾಗದ ತಿರುಗಿಸಿ
‘ಇಲ್ಲಿ’ ಎಂದು ಉಗುರಿನಿಂದ ಗೀರಿದಳು.
ಜೌರ್ ಪೆನ್ನಿನ ಮುಚ್ಚಳ ತೆಗೆದ. ಹಾಕಿದ. ತೆಗೆದ.
‘ಇವತ್ತು ಯಾವ ವಾರ?’
‘ಗುರುವಾರ.’
‘ಹಾಗಾದರೆ ಬರುವ ಗುರುವಾರ ಖಂಡಿತ’ ಎಂದು
ನಮ್ಮಿಬ್ಬರ ಕೆನ್ನೆಗೂ ಮುತ್ತಿಟ್ಟು ಹೊರಟೇಹೋದ.
ತ್ಸಿಯಾಲಾಳ ಚೀಲದಲ್ಲಿ ನಮಗೆಂದೇ ತಂದ
ರೊಟ್ಟಿ ಇನ್ನೂ ಬೆಚ್ಚಗಿತ್ತು.
ಸಿಟ್ಟು ಬಂತು. ರೊಟ್ಟಿ ತಿಂದೆವು.

ಮೀನ ಮೇಷ ಎಣಿಸುವವರನ್ನು
ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ.
ಗ್ಲ್ದಾನಿಯಲ್ಲಿ ನಮ್ಮ ಫ್ಲ್ಯಾಟು, ಒಂಬತ್ತನೆಯ ಮಹಡಿ.
ಲಿಫ್ಟು ಮೇಲೇರಲು ಕಾಸು ಹಾಕಬೇಕು, ಇಳಿಯುವುದು ಪುಕ್ಕಟೆ.
ಅದಕ್ಕೆಂದು ಬಾಗಿಲ ಬಳಿ ಗಾಜಿನ ಡಬ್ಬಿ;
ಹನ್ನೆರಡು ವರ್ಷದಿಂದ ಬರಿದಾಗಿಲ್ಲ, ತುಂಬಿಯೂ ಇಲ್ಲ.
ಹಲ್ಲಿನ ಅಚ್ಚು ತಿದ್ದಿ ಬಂದ ಕೈಯಲ್ಲಿ
ಕತ್ತಲಲ್ಲೂ ಎಣಿಸದೆ ತೆಗೆಯುತ್ತೇನೆ.

ನಮ್ಮ ಫ್ಲ್ಯಾಟು ಕೊಳ್ಳುವವರು ಮೆಟ್ಟಿಲ ಮೇಲೇ ಕಾದಿದ್ದರು:
ನುಕ್ರಿ, ಅವನ ತುಂಬು ಬಸುರಿ ಹೆಂಡತಿ ಖಾತುನಾ.
ಮುಂಗಡ ತಂದಿದ್ದರು, ರಬ್ಬರ್ ಬ್ಯಾಂಡು ಹಾಕಿ.
ಬಾಲ್ಕನಿ ಸರಿ, ಗೀಸರು ಸರಿ, ಪರದೆ ಬಿಟ್ಟರೂ ಸರಿ.
ಖಾತುನಾ ಡಬ್ಬಿ ಎತ್ತಿ ಕುಲುಕಿ ನಕ್ಕಳು:
‘ಇದೂ ಸೇರಿತಲ್ಲ, ಅಕ್ಕಾ?’

ಇಪ್ಪತ್ತು ತೆತ್ರಿಯ ಬಿಲ್ಲೆಗಳು. ಎಲ್ಲ ಸುರಿದರೂ
ಒಂದು ಊಟದ ಬೆಲೆ ಆಗದು.
‘ಡಬ್ಬಿ ಇಲ್ಲ’ ಎಂದೆ. ‘ಪರದೆಯೂ
ಬಹುಶಃ ಇಲ್ಲ. ನೋಡೋಣ.’
ಎಮ್ಜಾರ್ ನನ್ನ ಮುಖವನ್ನೇ ನೋಡುತ್ತಿದ್ದ.
ಹೊರಡುವಾಗ ಅವಳ ಅಂಗೈಗೆ ಎರಡು ಕಾಸಿಟ್ಟೆ.
‘ಇಳಿಯಲು ಕಾಸು ಬೇಡ ಅಲ್ಲವೇ?’ ಎಂದ ನುಕ್ರಿ.

ಇಳಿಯಲು ಬೇಡ ಮಗಾ,
ಬರುವ ಗುರುವಾರ ಹತ್ತಲು ಬೇಕಲ್ಲ.